ಚಾಕುವನ್ನು ಪಿಸ್ತೂಲಿಗೆ ಹೊಂದಿಸಿ, ಪಿಸ್ತೂಲನ್ನು ಚಾಕುವಿಗಲ್ಲ

ಹಳೆ ಪಿಸ್ತೂಲು ಇಟ್ಟುಕೊಂಡವರು ನನ್ನ ಹತ್ತಿರ ಬಂದು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು. 'ಇದಕ್ಕೊಂದು ಜೋಡಿ ಚಾಕು ಮಾಡಿಕೊಡ್ರಿ, ಎರಡರ ಹಿಡಿನೂ ಒಂದೇ ಥರ ಕಾಣಬೇಕು.' ಬಳ್ಳಾರಿಯಲ್ಲಿ ಚಾಕು ಮಾಡುವುದು, ಹಿಡಿ ಕೂಡಿಸುವುದು ನನ್ನ ಕಸುಬು. ಸಿಂಧನೂರು, ಮಾನ್ವಿ, ಗಂಗಾವತಿ, ಕುಷ್ಟಗಿ ಕಡೆಯಿಂದ ಜನ ಬರುತ್ತಾರೆ. ಅವರು ಕೇಳುವುದರಲ್ಲಿ ತಪ್ಪೇನಿಲ್ಲ. ಮರದ ಪೆಟ್ಟಿಗೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರೆ ನೋಡೋಕೆ ಚಂದವೇ. ಆದರೆ ಅದರ ಹಿಂದೆಯೇ ಬರುವ ಮಾತಿಗೆ ತಲೆ ಕೆಡುತ್ತದೆ: 'ಪಿಸ್ತೂಲಿನ ಹಿಡಿ ಮಾಸಿ ಹೋಗೇತಿ, ಅದನ್ನೂ ಕಿತ್ತು ಎರಡಕ್ಕೂ ಹೊಸದು ಹಾಕಿಬಿಡ್ರಿ.'

ಅದು ಬೇಡ. ಹಳೆ ಹಿಡಿಯ ಮೇಲಿನ ಸವೆತ, ಕೈ ಬೆವರು ಕುಡಿದು ಕಪ್ಪಾದ ಮರ, ಅಂಚಿನ ಸಣ್ಣ ಏಟು, ಸಂಗ್ರಹ ಮಾಡುವವರು ದುಡ್ಡು ಕೊಡುವುದೇ ಅದಕ್ಕೆ. ಅದನ್ನು ಕಿತ್ತರೆ ಉಳಿಯುವುದು ಬರೀ ಕಬ್ಬಿಣ. ಹಾಗಾಗಿ ನನ್ನ ಪದ್ಧತಿ ಒಂದೇ. ಪಿಸ್ತೂಲು ಹೇಗಿದೆಯೋ ಹಾಗೇ ಇರಲಿ. ಬದಲಾಗುವುದೇನಿದ್ದರೂ ಚಾಕು.

ಕೆಲಸಕ್ಕಿಂತ ಮೊದಲು ಕಾಗದದ ಮಾತು. ಹಳೆಯದು ಅಂದ ಮಾತ್ರಕ್ಕೆ ಲೈಸೆನ್ಸ್ ಬೇಡ ಅಂತ ತುಂಬಾ ಜನ ತಿಳಿದಿದ್ದಾರೆ. 1959ರ ಆಯುಧ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇರುವುದು ನಿಜ. ಆದರೆ ಅದು ಹಳೆ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ, ರಿಪೇರಿ ಮಾಡಿದರೂ ಹಾರಿಸಲು ಬಾರದ ಆಯುಧಕ್ಕೆ. 'ರಿಪೇರಿ ಮಾಡಿದರೂ' ಅನ್ನುವ ಆ ಮಾತನ್ನು ಯಾರೂ ಓದುವುದಿಲ್ಲ. ನಳಿಗೆಯ ಬಾಯಿಯಿಂದ ಮದ್ದು ತುಂಬುವ ಇನ್ನೂರು ವರ್ಷದ ಪಿಸ್ತೂಲು ಕೂಡ, ನಳಿಗೆ ಗಟ್ಟಿ ಇದ್ದು ಕುದುರೆ (ಟ್ರಿಗರ್ ಎಳೆದಾಗ ಬಂದು ಬಡಿಯುವ ಸುತ್ತಿಗೆಯಂಥ ಭಾಗ) ಬೀಳುತ್ತಿದ್ದರೆ, ಕಾನೂನಿನ ಕಣ್ಣಿಗೆ ಬಂದೂಕೇ. ನಿಮಗೆ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ, ಡಿಸಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ. ಲೈಸೆನ್ಸ್ ಇದ್ದ ಅಜ್ಜ ತೀರಿಕೊಂಡಿದ್ದರೆ ಆಯುಧವನ್ನು ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರ್ ಹತ್ತಿರವೋ ಒಪ್ಪಿಸಿ, ಆಮೇಲೆ ವಾರಸುದಾರರು ಡಿಸಿ ಕಚೇರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಿನಲ್ಲಿ ಮೂರಿದ್ದದ್ದು ಎರಡಕ್ಕೆ ಇಳಿದಿದೆ. ವಂಶದಿಂದ ಬಂದದ್ದಕ್ಕೂ ಅದೇ ಲೆಕ್ಕ.

ಇನ್ನೊಂದು ವಿಷಯ. ಬಂದೂಕು ರಿಪೇರಿ ಮಾಡುವುದಕ್ಕೂ ಬೇರೆ ಲೈಸೆನ್ಸ್ ಬೇಕು, ನನ್ನ ಹತ್ತಿರ ಅದಿಲ್ಲ. ಅದಕ್ಕೇ ಪಿಸ್ತೂಲು ಬಿಟ್ಟು ಹೋಗ್ತೀನಿ ಅಂದವರಿಗೆ ಬೇಡ ಅಂತೇನೆ. ನೀವು ಎದುರಿಗೆ ಕೂತಿರಿ, ಹಗಲು ಬೆಳಕಿನಲ್ಲಿ ಹಿಡಿಯ ಫೋಟೋ ತೆಗೀತೀನಿ, ಕಾಗದ ಇಟ್ಟು ಅಂಚು ಬರೆದುಕೊಳ್ತೀನಿ, ಗೀರು ಕೆತ್ತನೆ ಇದ್ದರೆ ಒಂದು ಇಂಚಿಗೆ ಎಷ್ಟು ಸಾಲು ಅಂತ ಎಣಿಸ್ತೀನಿ. ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ.

ಈಗ ಸಾಮಾನಿನ ವಿಷಯಕ್ಕೆ ಬರೋಣ. ನಮ್ಮ ಕಡೆ ಏನು ಸಿಗುತ್ತದೆ ಅನ್ನುವುದಕ್ಕೆ ಇತಿಹಾಸದಲ್ಲೇ ಕಾರಣವಿದೆ. ಬಳ್ಳಾರಿ 1800ರಲ್ಲಿ ಕಂಪನಿ ಕೈಗೆ ಹೋಯಿತು, ಇಲ್ಲಿ ದಂಡು ಕೂತಿತು. ರಾಯಚೂರು, ಕೊಪ್ಪಳ 1948ರವರೆಗೂ ನಿಜಾಮರ ಸಂಸ್ಥಾನದಲ್ಲಿದ್ದವು. ಹೀಗಾಗಿ ಬಳ್ಳಾರಿ ಕಡೆ ಇಂಗ್ಲಿಷ್ ಮುದ್ರೆಯ ಮಾಲು ನೋಡುತ್ತೇನೆ, ರಾಯಚೂರಿನ ವಾಡೆಗಳಿಂದ ಬರುವುದರಲ್ಲಿ ಹೈದರಾಬಾದ್ ಛಾಯೆ ಜಾಸ್ತಿ. ಕಥೆಗಳಂತೂ ಎರಡೂ ಕಡೆ ಸಮೃದ್ಧಿ. 1520ರ ರಾಯಚೂರು ಯುದ್ಧದ ಪಿಸ್ತೂಲು ಅಂತ ಯಾರಾದರೂ ತೋರಿಸಿದರೆ ನಕ್ಕು ಎದ್ದು ಬನ್ನಿ. ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕುದಾರರು ಇದ್ದದ್ದು ನಿಜ. ಆದರೆ ಅವರ ಕೈಯಲ್ಲಿದ್ದದ್ದು ಬತ್ತಿ ಹಚ್ಚಿ ಹಾರಿಸುವ ಉದ್ದ ಕೋವಿ. ಚಕಮಕಿ ಕಲ್ಲಿನ ಫ್ಲಿಂಟ್‌ಲಾಕ್ ಬಂದದ್ದು ಮುಂದಿನ ಶತಮಾನದಲ್ಲಿ.

ಟಿಪ್ಪು ಪಿಸ್ತೂಲಿನದ್ದು ಇನ್ನೊಂದು ಗೋಳು. ಟಿಪ್ಪು 1786ರಲ್ಲಿ ಕೊಪ್ಪಳದ ಕೋಟೆ ಹಿಡಿದು ಫ್ರೆಂಚ್ ಎಂಜಿನಿಯರ್‌ಗಳಿಂದ ಗಟ್ಟಿ ಮಾಡಿಸಿದ, 1790ರಲ್ಲಿ ಅದಕ್ಕೆ ಮುತ್ತಿಗೆ ಬಿತ್ತು. ಇಷ್ಟು ಸಾಕು, ಆ ಕಡೆ ಸಿಕ್ಕ ಪ್ರತಿ ತುಕ್ಕು ಪಿಸ್ತೂಲೂ ಟಿಪ್ಪುವಿನದೇ ಆಗಿಬಿಡುತ್ತದೆ! ಅಸಲಿ ಟಿಪ್ಪು ಮಾಲಿನಲ್ಲಿ ಹುಲಿ ಪಟ್ಟೆಯ ಬಬ್ರಿ ಗುರುತು, ಹುಲಿ ಮುಖದ ಕುದುರೆ ಕಾಣುತ್ತವೆ. ಅದನ್ನು ಕಣ್ಣು ತುಂಬ ನೋಡಬೇಕಾದ ಜಾಗ ಮ್ಯೂಸಿಯಂ. ಅಂಗಡಿಯಲ್ಲಿ ಸಿಗುವುದರಲ್ಲಿ ಎಷ್ಟೋ ಪ್ರವಾಸಿಗರಿಗೆ ಅಂತಲೇ ಮಾಡಿದವು. ನಳಿಗೆ ಪಕ್ಕದ ಮದ್ದಿನ ಬಟ್ಟಲಿನಿಂದ ಒಳಕ್ಕೆ ಬೆಂಕಿ ಹೋಗೋಕೆ ತೂತು ಇದೆಯಾ ಅಂತ ತೆಳ್ಳನೆ ತಂತಿ ಹಾಕಿ ನೋಡಿ. ತೂತೇ ಇರುವುದಿಲ್ಲ. ಮೇಲೆ ಮಾತ್ರ ಕಿರೀಟ, 'ಟವರ್' ಅನ್ನುವ ಮುದ್ರೆ, ಹಿತ್ತಾಳೆ ತಂತಿಯ ಹೂಬಳ್ಳಿ, ಎಲ್ಲ ಭರ್ಜರಿ.

ಮುದ್ರೆ ಓದುವುದು ಕಲಿತರೆ ಅರ್ಧ ಮೋಸ ತಪ್ಪುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ನಳಿಗೆ ಪರೀಕ್ಷೆ ಮಾಡುವ ಪ್ರೂಫ್ ಹೌಸ್ ಶುರುವಾದದ್ದು 1813ರ ಕಾಯ್ದೆಯಿಂದ. ಆ ಮುದ್ರೆ ಇರುವ ನಳಿಗೆಯನ್ನು 1799ರ ಶ್ರೀರಂಗಪಟ್ಟಣದ್ದು ಅಂತ ಮಾರಿದರೆ ಸುಳ್ಳು ಅಲ್ಲೇ ಸಿಕ್ಕಿಬಿತ್ತು. ಹಾಗೆಯೇ ಚಕಮಕಿ ಕಲ್ಲಿನ ಬದಲು, ಸಿಡಿಮದ್ದು ತುಂಬಿದ ಪುಟ್ಟ ತಾಮ್ರದ ಟೋಪಿ ಮೇಲೆ ಬಡಿಯುವ ಕುದುರೆ ಇದ್ದರೆ, ಆ ಪದ್ಧತಿಯ ಮೂಲವೇ ಫೋರ್ಸೈತ್ ಅನ್ನುವವರು 1807ರಲ್ಲಿ ಪಡೆದ ಪೇಟೆಂಟ್. ಕಲ್ಲಿನದನ್ನು ಆಮೇಲೆ ಟೋಪಿಗೆ ಬದಲಾಯಿಸಿದ್ದೂ ಉಂಟು. ಲಾಕಿನ, ಅಂದರೆ ಹಾರಿಸುವ ಯಂತ್ರದ, ತಗಡನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಹಳೆ ಸ್ಕ್ರೂ ತೂತು ಮುಚ್ಚಿದ ದುಂಡು ಕಲೆಗಳು ಕಾಣುತ್ತವೆ. ಅದು ದೋಷವಲ್ಲ. ನನಗಂತೂ ಅಂಥವೇ ಇಷ್ಟ.

ಹಿಡಿ ಹೊಂದಿಸುವಾಗ ಬಣ್ಣ ನೋಡಿ ಮೋಸ ಹೋಗಬಾರದು, ಮೊದಲು ಪಿಸ್ತೂಲಿನ ಹಿಡಿ ಯಾವುದರದ್ದು ಅಂತ ತಿಳಿಯಬೇಕು. 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ವೆಬ್ಲಿ ಮಾರ್ಕ್ 6 ರಿವಾಲ್ವರ್ ತೆಗೆದುಕೊಳ್ಳಿ. ಅದರ ಕಪ್ಪು ಹಿಡಿ ಮರವೂ ಅಲ್ಲ, ಕೊಂಬೂ ಅಲ್ಲ. ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು ತಾಗಿದರೆ ಕಂದು ಹಸಿರಿಗೆ ತಿರುಗುತ್ತದೆ. ಅದಕ್ಕೆ ಜೋಡಿಯಾಗಿ ನಾನು ಹಾಕುವುದು ಎಮ್ಮೆ ಕೊಂಬು, ಪೂರ್ತಿ ಹೊಳಪು ಕೊಡದೆ. ಇದರಲ್ಲೊಂದು ಸೂಕ್ಷ್ಮ ಇದೆ. ಆ ರಬ್ಬರಿನಿಂದ ಗಂಧಕದ ಆವಿ ಸಣ್ಣಗೆ ಹೊರಬರುತ್ತಲೇ ಇರುತ್ತದೆ. ಚಾಕುವಿಗೆ ಬೆಳ್ಳಿ ಕಟ್ಟು ಹಾಕಿಸಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಬೆಳ್ಳಿ ಕರ್ರಗಾಗುತ್ತದೆ. ಬೆಳ್ಳಿ ಬಿದರಿ ಹಿಡಿ ಬೇಕು ಅನ್ನುವವರಿಗೂ ಇದನ್ನೇ ಹೇಳುತ್ತೇನೆ, ಪೆಟ್ಟಿಗೆ ಬೇರೆ ಮಾಡಿಸಿ.

ಎಮ್ಮೆ ಕೊಂಬಿನ ತುದಿ ಭಾಗ ಗಟ್ಟಿ, ಬುಡ ಪೊಳ್ಳು. ಬುಡದ ಭಾಗವನ್ನು ಬಿಸಿ ಮಾಡಿ ಎರಡು ಕಬ್ಬಿಣದ ಪಟ್ಟಿ ನಡುವೆ ಒತ್ತಿ ಚಪ್ಪಟೆ ಮಾಡಬೇಕು. ಆ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ತಿಂಗಳುಗಟ್ಟಲೆ ಒಣಗಲು ಬಿಡದೆ ಹಿಡಿ ಕೂಡಿಸಿದರೆ ರಾಯಚೂರಿನ ಬೇಸಿಗೆ ಅದರ ಲೆಕ್ಕ ತೀರಿಸುತ್ತದೆ. ಕೊಂಬು ಕುಗ್ಗಿ ಉಕ್ಕಿನ ಅಂಚು ಹೊರಗೆ ಬಂದು ಉಗುರಿಗೆ ತಾಗುತ್ತದೆ. ಆಮೇಲೆ ಮಳೆಗಾಲದಲ್ಲಿ ಮತ್ತೆ ಉಬ್ಬಿ, ರಿವೆಟ್ ಸುತ್ತ ಕೂದಲೆಳೆ ಬಿರುಕು. ಅದಕ್ಕೇ ರಿವೆಟ್ ತೂತನ್ನು ಒಂದು ಚೂರು ಸಡಿಲವಾಗೇ ಕೊರೆಯುತ್ತೇನೆ.

ಮರದ ಹಿಡಿಗೆ ಬಂದರೆ, ಇಂಗ್ಲಿಷ್ ಪಿಸ್ತೂಲಿನಲ್ಲಿರುವುದು ಹೆಚ್ಚಾಗಿ ವಾಲ್‌ನಟ್. ನಮ್ಮ ಬೀಟೆ ಅದಕ್ಕೆ ಹತ್ತಿರ ಬರುತ್ತದೆ, ಸ್ವಲ್ಪ ಕೆಂಪು ಜಾಸ್ತಿ. ಹಳೆ ಬಾಗಿಲು, ತೊಲೆಯ ತುಂಡು ಸಿಕ್ಕರೆ ಒಳ್ಳೆಯದು, ಒಣಗಿ ಒಣಗಿ ಇನ್ನು ಅಲ್ಲಾಡುವುದಿಲ್ಲ. ಗಟ್ಟಿತನ ಬೇಕೆಂದರೆ ಕಮರ. ಅರ ಹಾಕಿದರೆ ಅರವೇ ಸವೆಯುತ್ತದೇನೋ ಅನ್ನಿಸುವಂಥ ಮರ. ಕಿನ್ನಾಳದ ಬಣ್ಣ ಹಚ್ಚಿದ ಹಿಡಿ ಬೇಕು ಅಂತ ಕೆಲವರು ಆಸೆ ಪಡುತ್ತಾರೆ. ಗೊಂಬೆಗೆ ಬಳಸುವ ಆ ಹಗುರ ಮರ ಚಾಕುವಿನ ಹಿಡಿಗೆ ತಡೆಯುವುದಿಲ್ಲ. ಬೇಕಿದ್ದರೆ ಎರಡನ್ನೂ ಇಡುವ ಪೆಟ್ಟಿಗೆಯನ್ನು ಕಿನ್ನಾಳದವರ ಹತ್ತಿರ ಬರೆಸಿ, ಅದು ನಿಜಕ್ಕೂ ಚಂದ.

ದಂತದ ವಿಷಯ ಕಟ್ಟುನಿಟ್ಟು. ಒಮ್ಮೆ ಗಂಗಾವತಿ ಕಡೆಯ ಹುಡುಗನೊಬ್ಬ ದಂತದ ಹಿಡಿಯ ಹಳೆ ರಿವಾಲ್ವರಿನ ಫೋಟೋ ತೋರಿಸಿ, 'ಅಣ್ಣಾ, ಮನ್ಯಾಗ ದಂತದ ಪಗಡೆಕಾಯಿ ಅದಾವು, ಅದನ್ನ ಕೊಯ್ದು ಚಾಕುಗೆ ಹಾಕ್ರಿ' ಅಂದ. 'ಇಲ್ಲಪ್ಪ, ನಾನೂ ಜೈಲಿಗೆ, ನೀನೂ ಜೈಲಿಗೆ' ಅಂದೆ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ, 1991ರಲ್ಲಿ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ ಪೂರ್ತಿ ಬಂದ್. ಮನೆಯಲ್ಲಿರುವ ಹಳೆಯದನ್ನು ಘೋಷಿಸಿಕೊಳ್ಳಲು 2003ರಲ್ಲಿ 180 ದಿನ ಕೊಟ್ಟಿದ್ದರು, ಆಗ ಮಾಡಿಸಿದ ಕಾಗದ ಇದೆಯಾ ಹುಡುಕಿ. ಇಲ್ಲದಿದ್ದರೆ ವಕೀಲರನ್ನು ಕೇಳಿ. ಜಿಂಕೆ, ಕಡವೆ ಕೊಂಬೂ ಅಷ್ಟೇ, ಕಾಡಿನಲ್ಲಿ ಉದುರಿದ್ದು ಸಿಕ್ಕಿತು ಅಂದರೂ ನಾನು ಮುಟ್ಟುವುದಿಲ್ಲ. 2023ರ ಹುಲಿ ಉಗುರಿನ ಗಲಾಟೆ ನೆನಪಿದೆಯಲ್ಲ?

ಹಿಡಿ ದಂತವೋ ಅಲ್ಲವೋ ತಿಳಿಯೋಕೆ ಅಡ್ಡ ಕೊಯ್ದ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ದಂತದಲ್ಲಿ ಗೆರೆಗಳು ಒಂದನ್ನೊಂದು ಓರೆಯಾಗಿ ದಾಟಿ ಬಲೆಯಂತೆ ಕಾಣುತ್ತವೆ. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕೆ. ಸೆಲ್ಯುಲಾಯ್ಡ್ ಆದರೆ ಅಚ್ಚುಕಟ್ಟಾದ ಸಮಾನ ಗೆರೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಚಾಳಿ ಬಿಡಿ, ಸೆಲ್ಯುಲಾಯ್ಡ್ ಭಗ್ ಅಂತ ಹತ್ತಿಕೊಳ್ಳುತ್ತದೆ. ದಂತದ ಪಿಸ್ತೂಲಿಗೆ ಜೋಡಿಯಾಗಿ ನಾನು ಹಾಕುವುದು ಒಂಟೆ ಮೂಳೆ, ಚಹಾ ಡಿಕಾಕ್ಷನ್ನಿನಲ್ಲಿ ನೆನೆಸಿದ್ದು. ಆ ಹಳದಿ ಒಂದೇ ಸಲಕ್ಕೆ ಬರುವುದಿಲ್ಲ, ಅದ್ದಿ ಒಣಗಿಸಿ ಮತ್ತೆ ಅದ್ದಬೇಕು.

ಅಲಗಿಗೆ ಲಾರಿಯ ಕಮಾನು ಪಟ್ಟಿಗಿಂತ ಒಳ್ಳೆ ಉಕ್ಕು ಹುಡುಕಬೇಕಿಲ್ಲ. ಅದಿರು ಹೊತ್ತು ತಿರುಗಿದ ಲಾರಿಗಳ ಊರು ನಮ್ಮದು, 2011ರಲ್ಲಿ ಗಣಿ ನಿಂತ ಮೇಲೆ ಗುಜರಿಯಲ್ಲಿ ಬೇಕಾದಷ್ಟು ಬಿತ್ತು. ಆದರೆ ದುಡಿದು ದಣಿದ ಪಟ್ಟಿಯೊಳಗೆ ಕಾಣದ ಬಿರುಕು ಇರುತ್ತದೆ. ನೇತುಹಾಕಿ ಸುತ್ತಿಗೆಯಿಂದ ಬಡಿದರೆ ಒಳ್ಳೆಯದು ಉದ್ದಕ್ಕೆ ನಾದ ಕೊಡುತ್ತದೆ, ಬಿರುಕಿದ್ದದ್ದು ಕೊಡುವುದಿಲ್ಲ. ಅಲಗಿನ ಉದ್ದ ಐದು ಇಂಚು ಸಾಕು. ಆಯುಧ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧ ಅಂತಲೇ ಲೆಕ್ಕ ಹಾಕುವ ವರ್ಗಕ್ಕೆ ಹೋಗುತ್ತದೆ. ಅಲಂಕಾರಕ್ಕೆ ಇಡುವ ಚಾಕುವಿಗೆ ಆ ತಂಟೆ ಯಾಕೆ?

ಮನೆಗೆ ಒಯ್ದ ಮೇಲೆ ಕೆಡಿಸುವುದು ಮೂರು ವಿಷಯ. ಒಂದು, ಖಂಡೇ ಪೂಜೆ. ಅರಿಶಿನ, ಕುಂಕುಮ ಕಲಸಿ ಹಚ್ಚಿ, ನಿಂಬೆಹಣ್ಣು ಹಿಂಡಿ, ಹೂವು ಒಣಗುವವರೆಗೂ ಹಾಗೇ ಬಿಟ್ಟರೆ ದಸರಾ ಮುಗಿಯುವಷ್ಟರಲ್ಲಿ ತುಕ್ಕಿನ ಚುಕ್ಕೆ ಎದ್ದಿರುತ್ತವೆ. ಪೂಜೆ ಬಿಡಿ ಅನ್ನುತ್ತಿಲ್ಲ. ಕುಂಕುಮ ಪೆಟ್ಟಿಗೆಗೆ ಇಡಿ, ಲೋಹಕ್ಕೆ ಬೇಡ. ಇನ್ನೊಂದು, ಚರ್ಮದ ಒರೆ. ಚರ್ಮ ಹದ ಮಾಡಿದ ಆಮ್ಲ ಒಳಗೇ ಇರುತ್ತದೆ, ಚಾಕುವನ್ನು ಅದರಲ್ಲೇ ಇಟ್ಟರೆ ಅಲಗಿಗೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ಒರೆ ಪಕ್ಕದಲ್ಲಿರಲಿ. ಮೂರನೆಯದು ಎಣ್ಣೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿದರೆ ಜಿಡ್ಡುಗಟ್ಟಿ ನಮ್ಮೂರಿನ ಕೆಂಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಮರಕ್ಕೆ ಕುದಿಸಿದ ಅಗಸಿ ಎಣ್ಣೆ, ಬಟ್ಟೆಯಲ್ಲಿ ತೆಳ್ಳಗೆ. ಒರೆಸಿದ ಆ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ, ತನ್ನಷ್ಟಕ್ಕೇ ಬೆಂಕಿ ಹತ್ತುತ್ತದೆ. ನೀರಲ್ಲಿ ನೆನೆಸಿ, ಬಿಡಿಸಿ ಒಣಗಲು ಹಾಕಿ. ಲೋಹಕ್ಕೆ ಮೆಷಿನ್ ಎಣ್ಣೆಯ ತೆಳು ಪದರ ಸಾಕು. ಎಲೆಕ್ಷನ್ ಬಂತೆಂದರೆ ಪಿಸ್ತೂಲನ್ನು ಠಾಣೆಗೆ ಡೆಪಾಸಿಟ್ ಮಾಡಿ ಅಂತ ಹೇಳಬಹುದು, ಒಪ್ಪಿಸುವ ಮೊದಲು ಎಣ್ಣೆ ಹಚ್ಚಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಡಿ.

ನಾನು ಮಾಡಿದ ಪ್ರತಿ ಚಾಕುವಿನ ಉಕ್ಕಿನ ಮೇಲೆ, ಹಿಡಿ ಮುಚ್ಚುವ ಜಾಗದಲ್ಲಿ, ಮಾಡಿದ ವರ್ಷ ಕೊರೆದಿರುತ್ತೇನೆ. ಹೊರಗೆ ಕಾಣುವುದಿಲ್ಲ. ಮುಂದೆ ಯಾರಾದರೂ ಇದು ಪಿಸ್ತೂಲಿನ ಜೊತೆಗೇ ಬಂದ ಚಾಕು ಅಂತ ಮಾರಲು ಹೋದರೆ, ಹಿಡಿ ಬಿಚ್ಚಿದಾಗ ಗೊತ್ತಾಗಲಿ ಅಂತ. 'ಅದೊಂದು ಬಿಟ್ಟುಬಿಡ್ರಿ ಅಣ್ಣಾ, ಎರಡು ಸಾವಿರ ಜಾಸ್ತಿ ತಗೊಳ್ರಿ' ಅನ್ನುವವರು ಇದ್ದಾರೆ. ಅಂಥವರಿಗೆ ಅಡ್ವಾನ್ಸ್ ವಾಪಸ್ ಕೊಟ್ಟು ಕಳಿಸುತ್ತೇನೆ.