ಅಮೆರಿಕದ ಹೆದ್ದಾರಿಯೊಂದರಲ್ಲಿ ಕಿಲೊಮೀಟರ್ ಫಲಕಗಳೇಕೆ?

ಪ್ರಶ್ನೆ: ಅರಿಜೋನಾ ರಾಜ್ಯದ ಟೂಸಾನ್‌ನಿಂದ ಗಡಿಯ ಊರಾದ ನೊಗಾಲೆಸ್‌ಗೆ ಹೋಗುವಾಗ ದೂರವನ್ನೆಲ್ಲ ಕಿಲೊಮೀಟರ್‌ಗಳಲ್ಲಿ ಬರೆದಿದ್ದನ್ನು ಕಂಡೆವು. ವೇಗದ ಮಿತಿ ಮಾತ್ರ ಮೈಲಿಗಳಲ್ಲಿತ್ತು. ಮೆಕ್ಸಿಕೊ ಹತ್ತಿರವಿರುವುದೇ ಇದಕ್ಕೆ ಕಾರಣವೇ?

ಉತ್ತರ: ಮೆಕ್ಸಿಕೊದ ಸಾಮೀಪ್ಯದಿಂದ ಈ ಫಲಕಗಳಿಗೆ ಹೆಚ್ಚಿನ ಉಪಯೋಗ ಒದಗಿದೆ ಎನ್ನುವುದು ನಿಜ; ಗಡಿಯಾಚೆಯ ಸೊನೋರಾದಿಂದ ಬರುವ ಚಾಲಕರಿಗೆ ಕಿಲೊಮೀಟರ್ ಲೆಕ್ಕವೇ ರೂಢಿ. ಆದರೆ ಈ ಫಲಕಗಳ ಮೂಲವನ್ನು 1975ರ ಒಂದು ಕಾಯಿದೆಯಲ್ಲಿ ಹುಡುಕಬೇಕು. ಆ ವರ್ಷ ಅಮೆರಿಕದ ಸಂಸತ್ತು ಮೆಟ್ರಿಕ್ ಪದ್ಧತಿಗೆ ಬದಲಾಗುವ ಕಾಯಿದೆಯನ್ನು ಅಂಗೀಕರಿಸಿತಾದರೂ ಬದಲಾವಣೆಯನ್ನು ಕಡ್ಡಾಯ ಮಾಡದೆ ಜನರ ಇಚ್ಛೆಗೆ ಬಿಟ್ಟಿತು. ಆ ಉತ್ಸಾಹದ ದಿನಗಳಲ್ಲಿ, 1980ರ ಸುಮಾರಿಗೆ, ಇಂಟರ್‌ಸ್ಟೇಟ್ 19 ಎಂಬ ಈ ರಸ್ತೆಗೆ ಕಿಲೊಮೀಟರ್ ಫಲಕಗಳು ಬಂದವು. ಸಾಂತಾ ಕ್ರೂಸ್ ನದಿಯ ಕಣಿವೆಯಗುಂಟ ಸಾಗಿ ಟೂಸಾನ್‌ನಲ್ಲಿ ಇಂಟರ್‌ಸ್ಟೇಟ್ 10ನ್ನು ಸೇರುವ ಇದರ ಉದ್ದ ಸುಮಾರು 102 ಕಿಲೊಮೀಟರ್ ಮಾತ್ರ. ಇಡೀ ರಸ್ತೆ ಒಂದೇ ರಾಜ್ಯದೊಳಗಿದೆ. 1982ರಲ್ಲಿ ರೇಗನ್ ಸರ್ಕಾರವು ಮೆಟ್ರಿಕ್ ಮಂಡಳಿಯನ್ನೇ ರದ್ದುಗೊಳಿಸಿದ ಮೇಲೆ ದೇಶದ ಉಳಿದ ಹೆದ್ದಾರಿಗಳು ಮೈಲಿಗಳಲ್ಲೇ ನಿಂತವು. 1956ರ ಕಾಯಿದೆಯ ಮೂಲಕ ಈ ಬದಲಾವಣೆಯನ್ನು ಕಡ್ಡಾಯಗೊಳಿಸಿದ ಭಾರತದಲ್ಲಿ ರಸ್ತೆಬದಿಯ ಕಲ್ಲುಗಳು ಕಿಲೊಮೀಟರ್‌ಗೆ ಬದಲಾದವು, ನಾವು ಮಾತ್ರ ಅವನ್ನು ಇನ್ನೂ ಮೈಲಿಗಲ್ಲು ಎಂದೇ ಕರೆಯುತ್ತೇವೆ.

ವೇಗದ ಮಿತಿ ಮೈಲಿಯಲ್ಲೇ ಇರುವುದು ಅನುಕೂಲವೇ ಆಗಿದೆ. ಅಮೆರಿಕದ ಕಾರುಗಳ ವೇಗಮಾಪಕದಲ್ಲಿ ಎದ್ದು ಕಾಣುವ ಅಂಕಿಗಳು ಮೈಲಿಯವು; ಅಲ್ಲಿ ಗೊಂದಲವಾದರೆ ಪ್ರಾಣಕ್ಕೇ ಅಪಾಯ. ದೂರದ ಲೆಕ್ಕದಲ್ಲಿ ತುಸು ತಪ್ಪಿದರೆ ಅಂಥ ಹಾನಿಯೇನೂ ಇಲ್ಲ.

ಹಾಗಿದ್ದರೆ ಕಿಲೊಮೀಟರ್ ಫಲಕಗಳನ್ನು ಇಷ್ಟು ವರ್ಷವಾದರೂ ಏಕೆ ತೆಗೆಯಲಿಲ್ಲ? ನನ್ನ ದೃಷ್ಟಿಯಲ್ಲಿ ಪ್ರಶ್ನೆಯ ತಿರುಳು ಇಲ್ಲಿದೆ. ಈ ಹೆದ್ದಾರಿಯಿಂದ ಹೊರಬೀಳುವ ದಾರಿಗಳ, ಅಂದರೆ ಎಕ್ಸಿಟ್‌ಗಳ, ಸಂಖ್ಯೆಗಳು ದಕ್ಷಿಣದ ಗಡಿಯಿಂದ ಎಣಿಸಿದ ಕಿಲೊಮೀಟರ್ ದೂರವನ್ನೇ ಅನುಸರಿಸುತ್ತವೆ. ಕಲಾವಿದರ ಊರೆಂದು ಹೆಸರಾದ ಟುಬ್ಯಾಕ್‌ನ ಎಕ್ಸಿಟ್ ಸಂಖ್ಯೆ 34. ಮೈಲಿಗೆ ಬದಲಾಯಿಸಿದರೆ ಅದು 21 ಆಗುತ್ತದೆ. ಅಂಗಡಿ, ಹೋಟೆಲುಗಳವರು ದಶಕಗಳಿಂದ ಜಾಹೀರಾತುಗಳಲ್ಲಿಯೂ ಕರಪತ್ರಗಳಲ್ಲಿಯೂ ಅಚ್ಚು ಹಾಕಿಸಿಕೊಂಡು ಬಂದಿರುವ ಆ ಸಂಖ್ಯೆ, ಪ್ರವಾಸಿಗರನ್ನು ನಂಬಿದ ಊರಿನ ಪಾಲಿಗೆ ಮನೆಯ ವಿಳಾಸವಿದ್ದಂತೆ. 2009ರ ಸುಮಾರಿಗೆ ಕೇಂದ್ರದ ಆರ್ಥಿಕ ಉತ್ತೇಜನದ ಹಣದಿಂದ ಮೈಲಿ ಫಲಕಗಳನ್ನು ಹಾಕುವ ಯೋಜನೆ ಮುಂದೆ ಬಂದಾಗ ಕಣಿವೆಯ ವ್ಯಾಪಾರಿಗಳು ವಿರೋಧಿಸಿದ್ದು ಮುಖ್ಯವಾಗಿ ಈ ಕಾರಣಕ್ಕೆ. ಅವರ ಆಕ್ಷೇಪ ನನಗೆ ನ್ಯಾಯವಾಗಿಯೇ ತೋರುತ್ತದೆ. ಯೋಜನೆ ಅಲ್ಲಿಗೆ ನಿಂತಿತು, ಟುಬ್ಯಾಕ್‌ನ ಸಂಖ್ಯೆ 34 ಆಗಿಯೇ ಉಳಿಯಿತು.