ಬಾಲಿಯ ಹೊಸ ವರ್ಷ: ಏರ್‌ಪೋರ್ಟೂ ಬಂದ್, ಮೊಬೈಲ್ ನೆಟ್ಟೂ ಬಂದ್

2023ರ ಮಾರ್ಚ್ 22ಕ್ಕೆ ನಾವೆಲ್ಲ ಬೇವುಬೆಲ್ಲ ತಿಂದು ಹೋಳಿಗೆ ಊಟ ಮುಗಿಸಿ ಯುಗಾದಿ ಮೆಸೇಜ್ ಫಾರ್ವರ್ಡ್ ಮಾಡ್ತಿದ್ರೆ, ಇಂಡೋನೇಷ್ಯಾದ ಬಾಲಿಲಿ ಜನ ಬಾಗಿಲು ಹಾಕ್ಕೊಂಡು ಲೈಟ್ ಆರಿಸಿ ಕೂತಿದ್ರು. ಅವರಿಗೂ ಅವತ್ತು ಹೊಸ ವರ್ಷನೇ, ಶಕ 1945, ನಮ್ಮ ಪಂಚಾಂಗದಲ್ಲಿ ಶಾಲಿವಾಹನ ಶಕೆ ಅಂತ ಇರುತ್ತಲ್ಲ ಅದೇ ಲೆಕ್ಕ. (ಪ್ರತಿ ಸಲ ಒಂದೇ ದಿನ ಬೀಳಲ್ಲ, 2024ರಲ್ಲಿ ಅವರದ್ದು ಮಾರ್ಚ್ 11ಕ್ಕೇ ಆಗೋಯ್ತು, ನಮ್ಮದು ಏಪ್ರಿಲ್ 9ಕ್ಕೆ.)

ಹಬ್ಬದ ಹೆಸರು ನ್ಯೆಪಿ. ಬೆಳಗ್ಗೆ 6ರಿಂದ ಮಾರನೇ ದಿನ ಬೆಳಗ್ಗೆ 6ರ ತನಕ ಬೆಂಕಿ-ದೀಪ ಹಚ್ಚಂಗಿಲ್ಲ, ಕೆಲಸ ಮಾಡಂಗಿಲ್ಲ, ಹೊರಗೆ ಓಡಾಡಂಗಿಲ್ಲ, ಮೋಜು-ಮಸ್ತಿ ಇಲ್ಲ. ಹಿಂದಿನ ಸಂಜೆ ಮಾತ್ರ ಇದಕ್ಕೆ ಪೂರ್ತಿ ಉಲ್ಟಾ, ಪಾತ್ರೆ ಬಡಿದು, ಪಂಜು ಹಿಡಿದು, ಬಿದಿರು-ಪೇಪರ್‌ನಲ್ಲಿ ಮಾಡಿದ ಕೋರೆಹಲ್ಲಿನ ರಾಕ್ಷಸನ ಬೊಂಬೆನ ಹುಡುಗರು ಹೆಗಲ ಮೇಲೆ ಹೊತ್ಕೊಂಡು ಸರ್ಕಲ್‌ನಲ್ಲಿ ಗಿರಗಿರ ತಿರುಗಿಸ್ತಾರೆ. ಗದ್ದಲಕ್ಕೆ ಎದ್ದ ಭೂತಗಳು ಮರುದಿನ ಬಂದು ನೋಡಿದ್ರೆ ಊರಲ್ಲಿ ನರಪಿಳ್ಳೆ ಇಲ್ಲ ಅಂತ ಹೊರಟುಹೋಗ್ತಾವಂತೆ. ಈ ಬೊಂಬೆ ಮೆರವಣಿಗೆ ನಾವು ಅಂದ್ಕೊಂಡಷ್ಟು ಹಳೇದಲ್ಲ, 1983ರಲ್ಲಿ ನ್ಯೆಪಿಗೆ ರಾಷ್ಟ್ರೀಯ ರಜೆ ಸಿಕ್ಕಿದ ಮೇಲೇನೇ ಇದು ಇಷ್ಟು ಜೋರಾಗಿದ್ದು.

ಇದನ್ನ ಕಾಯೋದು ಮುಖ್ಯವಾಗಿ ಪೊಲೀಸರಲ್ಲ, ಪೆಚಲಾಂಗ್ ಅನ್ನೋ ಊರಿನವರೇ ಆದ ಕಾವಲುಗಾರರು. ಸೊಂಟಕ್ಕೆ ಕಪ್ಪು-ಬಿಳಿ ಚೌಕುಳಿ ಬಟ್ಟೆ ಸುತ್ಕೊಂಡು ಖಾಲಿ ಬೀದಿಲಿ ಓಡಾಡ್ತಾ, ಯಾರ ಮನೇಲಾದ್ರೂ ಲೈಟ್ ಕಂಡ್ರೆ ಆರಿಸಿ ಅಂತಾರೆ. ಆಸ್ಪತ್ರೆ, ಆಂಬುಲೆನ್ಸ್‌ಗೆ ವಿನಾಯಿತಿ ಇದೆ. ಟೂರಿಸ್ಟ್‌ಗಳು ಹೋಟೆಲ್ ಗೇಟ್ ದಾಟಂಗಿಲ್ಲ, 2023ರಲ್ಲಿ ಬೀಚಲ್ಲಿ ಟೆಂಟ್ ಹಾಕಿದ್ದ ಪೋಲೆಂಡಿನ ಇಬ್ಬರನ್ನ ದೇಶದಿಂದಲೇ ಕಳಿಸಿಬಿಟ್ರು. ನ್ಯೆಪಿ ರಂಜಾನ್ ಟೈಮಲ್ಲಿ ಬಂದ್ರೆ ಮುಸ್ಲಿಮರು ಹತ್ತಿರದ ಮಸೀದಿಗೆ ನಡ್ಕೊಂಡು ಹೋಗಿ, ಮೈಕ್ ಇಲ್ಲದೆ, ಸಣ್ಣ ಬೆಳಕಲ್ಲಿ ನಮಾಜ್ ಮಾಡೋ ಹೊಂದಾಣಿಕೆ ಇದೆ, 2024ರಲ್ಲಿ ಹಂಗೇ ಆಯ್ತು.

ಊರಿನ ಕಟ್ಟಳೆ ಮೇಲೆ ಸರ್ಕಾರನೂ ಒಂದೊಂದೇ ಸೇರಿಸ್ತಾ ಬಂತು. ಇಷ್ಟು ದೊಡ್ಡ ಟೂರಿಸ್ಟ್ ಜಾಗದ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ 24 ಗಂಟೆ ಮುಚ್ಚುತ್ತೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಕಟ್, ಮನೆಯೊಳಗೆ ಕೂತು ರೀಲ್ಸ್ ನೋಡಿದ್ರೆ ಅದೆಂಥ ಮೌನ ಅನ್ನೋ ವಾದ, ನಂಗಂತೂ ಸರಿ ಅನ್ನಿಸ್ತು. ಆದ್ರೆ 2023ರ ನ್ಯೆಪಿ ದಿನ ಉತ್ತರ ಬಾಲಿಯ ಸುಂಬೆರ್‌ಕ್ಲಾಂಪೊಕ್ ಹಳ್ಳಿಲಿ ಕೆಲವರು ಪೆಚಲಾಂಗ್ ತಡೆದ್ರೂ ಕೇಳದೆ ಗೇಟ್ ತೆಗೆದು ಬೀಚಿಗೆ ಹೋಗಿದ್ದಕ್ಕೆ ಧರ್ಮನಿಂದನೆ ಕೇಸ್ ಹಾಕಿ ಕೋರ್ಟ್‌ವರೆಗೂ ಎಳೆದ್ರು. ಊರವರೇ ಕರೆಸಿ ಬೈದು ಕಳಿಸಿದ್ರೆ ಸಾಕಿತ್ತು.