ಕೆಂಪು ಬಣ್ಣ ಬಳಿದ ಬೀದಿಗಳಲ್ಲಿ ಬಿಸಿ ಜಾಸ್ತಿ

ಒಂದೇ ಊರು, ಒಂದೇ ಮಧ್ಯಾಹ್ನ. ಆದರೂ ಒಂದು ಬೀದಿಯಲ್ಲಿ ಆರಾಮಾಗಿ ನಡೆಯಬಹುದು, ಇನ್ನೊಂದರಲ್ಲಿ ತಲೆ ಸುತ್ತುತ್ತದೆ. ಎರಡಕ್ಕೂ ಸೂರ್ಯ ಒಬ್ಬನೇ ಅಲ್ವಾ?

ಅಮೆರಿಕದಲ್ಲಿ ಇದರ ಜಾಡು ಹಳೇ ನಕ್ಷೆಗಳಲ್ಲಿ ಸಿಕ್ಕಿತು. 1930ರ ದಶಕದಲ್ಲಿ ಅಲ್ಲಿನ ಸರ್ಕಾರದ ಗೃಹಸಾಲ ಸಂಸ್ಥೆಯೊಂದು ನಗರಗಳ ಬಡಾವಣೆಗಳಿಗೆ ಎ, ಬಿ, ಸಿ, ಡಿ ಅಂತ ದರ್ಜೆ ಹಂಚಿತ್ತು. ಕೊಟ್ಟ ಸಾಲ ವಾಪಸ್ ಬರುತ್ತದೋ ಇಲ್ಲವೋ ಅನ್ನೋ ಲೆಕ್ಕ ಅದು. ಕಪ್ಪು ಜನ, ವಲಸೆ ಬಂದವರು ಜಾಸ್ತಿ ಇದ್ದ ಕಡೆಗೆ ಹೆಚ್ಚಾಗಿ ಡಿ ದರ್ಜೆ, ನಕ್ಷೆಯಲ್ಲಿ ಕೆಂಪು ಬಣ್ಣ. ಅಂಥಲ್ಲಿ ಮನೆ ಕಟ್ಟಲು ಸಾಲ ಹುಟ್ಟುವುದೇ ಕಷ್ಟವಾಯಿತು. ಮರ ನೆಡುವವರಿಲ್ಲ, ಉದ್ಯಾನ ಇಲ್ಲ, ಜಾಗ ಅಗ್ಗ ಅಂತ ದೊಡ್ಡ ರಸ್ತೆ, ಗೋದಾಮುಗಳು ಬಂದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ 108 ನಗರಗಳಲ್ಲಿ ಈ ನಕ್ಷೆಗಳನ್ನು ಉಪಗ್ರಹ ಅಳೆದ ನೆಲದ ತಾಪದ ಜೊತೆ ಹೋಲಿಸಿ ನೋಡಿತು. ಕೆಂಪು ಬಳಿದಿದ್ದ ಜಾಗಗಳು ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ, ಕೆಲವು ಕಡೆ 7 ಡಿಗ್ರಿವರೆಗೂ! ಬಣ್ಣ ಬಳಿದವರು ಯಾರೂ ಈಗಿಲ್ಲ, ಕಾವು ಮಾತ್ರ ಉಳಿದಿದೆ.

ಹೇಗೆ ಅಂದರೆ, ಒಂದು ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೌಲ್ ಶಾಖ ಬೇಕು. ಮರ ಬೇರಿನಿಂದ ನೀರೆಳೆದು ಎಲೆಯಿಂದ ಆವಿ ಬಿಡುವಾಗ ಆ ಶಾಖವನ್ನು ಸುತ್ತಲಿನಿಂದಲೇ ತೆಗೆದುಕೊಳ್ಳುತ್ತದೆ, ಅದಕ್ಕೇ ಮರದ ಕೆಳಗಿನ ತಂಪು ಬರೀ ನೆರಳಿನದ್ದಲ್ಲ. ಡಾಂಬರು, ಕಾಂಕ್ರೀಟಿಗೆ ಆ ವಿದ್ಯೆ ಇಲ್ಲ. ಹಗಲೆಲ್ಲ ಕಾವು ಕುಡಿದು ರಾತ್ರಿ ಕಕ್ಕುತ್ತವೆ. ಆ ರಾತ್ರಿಯ ಕಾವೂ ಜೀವಕ್ಕೆ ಅಪಾಯ, ಯಾಕಂದರೆ ಮೈ ತಣಿಯಲು ಬಿಡುವೇ ಸಿಗುವುದಿಲ್ಲ.

ಹೊಗೆಯ ಕಥೆಯೂ ಇದೇ. ದೊಡ್ಡ ರಸ್ತೆಯಿಂದ ಕೆಲವು ನೂರು ಮೀಟರ್ ದೂರ ಹೋದರೆ ವಾಹನದ ಹೊಗೆಯ ಸಣ್ಣ ಕಣಗಳು ತುಂಬಾ ಕಡಿಮೆಯಾಗುತ್ತವೆ. ಊರಿಗೆಲ್ಲ ಒಂದೋ ಎರಡೋ ಅಳತೆ ಕೇಂದ್ರ ಇಟ್ಟು ಸರಾಸರಿ ಹೇಳಿದರೆ ರಸ್ತೆಯ ಪಕ್ಕದವರ ಕೆಮ್ಮು ಆ ಸರಾಸರಿಯಲ್ಲಿ ಕಳೆದುಹೋಗುತ್ತದೆ. ಎಲ್ಲಿ ಅಳೆಯಬೇಕು ಅಂತ ಅಲ್ಲಿರುವವರನ್ನೇ ಕೇಳಬೇಕು ಅನ್ನೋದು ಸುಮ್ನೆ ಸೌಜನ್ಯದ ಮಾತಲ್ಲ, ಅಳತೆ ಸರಿ ಬರಬೇಕಾದರೆ ಬೇರೆ ದಾರಿಯಿಲ್ಲ.

ಕೇಳುವುದರಲ್ಲೂ ತರಾವರಿ ಇದೆ. 1969ರಲ್ಲಿ ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೀನ್ ಜನರ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲಿನ ಏಣಿಯಾಗಿ ಬರೆದರು. ತಳದಲ್ಲಿ ಜನರನ್ನು ಆಡಿಸುವುದು, ತುದಿಯಲ್ಲಿ ಜನರ ಕೈಗೇ ತೀರ್ಮಾನ. ನಡುವೆ ಬರುವ ‘ಅಭಿಪ್ರಾಯ ಸಂಗ್ರಹ’ ನಮಗೆಲ್ಲ ಗೊತ್ತಿರುವಂಥದ್ದು: ಯೋಜನೆಯ ನಕ್ಷೆ ಆಗಲೇ ಮುಗಿದಿರುತ್ತದೆ, ಸಭೆ ಕೆಲಸದ ದಿನ ಮಧ್ಯಾಹ್ನ ಇರುತ್ತದೆ, ದಿನಗೂಲಿ ಬಿಟ್ಟು ಬರಲಾರದವರ ಅಭಿಪ್ರಾಯ ‘ಆಕ್ಷೇಪಣೆ ಇಲ್ಲ’ ಅಂತ ದಾಖಲಾಗುತ್ತದೆ. ಹಾಗಂತ ಮರ ನೆಟ್ಟುಬಿಟ್ಟರೆ ಮುಗಿಯಿತಾ ಅಂದರೆ ಅದೂ ಇಲ್ಲ. ಬೀದಿ ತಂಪಾದರೆ ಬಾಡಿಗೆ ಏರಬಹುದು, ಸೆಕೆಯಲ್ಲಿ ಬೆಂದವರೇ ಜಾಗ ಖಾಲಿ ಮಾಡಬೇಕಾಗಬಹುದು.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಹೊಸ ದಾರಿ ಹಿಡಿಯಿತು. ನಗರದ ಬಜೆಟ್‌ನಲ್ಲಿ ಹೊಸ ಕೆಲಸಗಳಿಗಿರುವ ಹಣ ಎಲ್ಲಿಗೆ ಹೋಗಬೇಕು ಅಂತ ಬಡಾವಣೆಯ ಸಭೆಗಳಲ್ಲೇ ಜನ ಚರ್ಚಿಸಿ ಆರಿಸತೊಡಗಿದರು. ಅವರು ಮೊದಲು ಕೇಳಿದ್ದರಲ್ಲಿ ಮುಂದಿದ್ದದ್ದು ಮರಗಳಲ್ಲ. ಚರಂಡಿ, ಮನೆ ಜಾಗದ ಹಕ್ಕುಪತ್ರ, ರಸ್ತೆಗೆ ಡಾಂಬರು. ಹೌದು, ಕಾವು ಹೀರುವ ಅದೇ ಡಾಂಬರು. ಶಾಖದ ನಕ್ಷೆ ಹಿಡಿದ ತಜ್ಞರಿಗೆ ಇದು ಕಸಿವಿಸಿ ಅನ್ನಿಸಬಹುದು, ನನಗೂ ಮೊದಲು ಹಾಗೇ ಅನ್ನಿಸಿತ್ತು, ಆದರೆ ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು ತುಳಿದು ಕೆಲಸಕ್ಕೆ ಹೋಗುವವರು ನಾವಲ್ಲವಲ್ಲ.